ಬೆಳಗಿನ ಐದು ಗಂಟೆಯ ಮಿಸ್ ಕಾಲ್

ಹತ್ತನೇ ತರಗತಿಗೆ ಪಾಠ ಮಾಡುವ ಮೇಷ್ಟ್ರ ಮನೆಯಲ್ಲಿ ದಸರಾ ರಜೆ ಮುಗಿದ ಮೇಲೆ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ಫಲಿತಾಂಶ ಏರಬೇಕೆಂದು ಮೇಲಿನಿಂದ ಸುತ್ತೋಲೆಗಳು ಬರುತ್ತವೆ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ನಾವು ಮೇಷ್ಟ್ರುಗಳು ತಲೆಗೆ ಇಷ್ಟೆಂದು ಹಂಚಿಕೊಳ್ಳುತ್ತೇವೆ. ಅದಕ್ಕೆ ದತ್ತು ಎಂದು ಹೆಸರು. ದತ್ತು ಮಕ್ಕಳು ಮನೆಯಲ್ಲಿ ಓದುತ್ತಾರೋ ಇಲ್ಲವೋ ವಿಚಾರಿಸಬೇಕು, ಗೈರಾದರೆ ಮನೆಗೆ ಹೋಗಬೇಕು, ಎಲ್ಲಕ್ಕಿಂತ ಮೊದಲು ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ ಎಬ್ಬಿಸಬೇಕು. ನಾನು ಗಣಿತದ ಮೇಷ್ಟ್ರು. ಇರುವುದು ಅರಸೀಕೆರೆಯಲ್ಲಿ, ಪಾಠ ಮಾಡುವುದು ಕಣಕಟ್ಟೆ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಊರಿನ ಹೆಸರು ಬೇಡ. ನಡೆದದ್ದರಲ್ಲಿ ಊರಿನ ತಪ್ಪೇನೂ ಇಲ್ಲ, ತಪ್ಪು ನನ್ನದು.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಈ ಕಥೆ ಶುರುವಾಗುವುದೂ ಅಲ್ಲಿಂದಲೇ. ಹಿಂದಿನ ವರ್ಷ ನನ್ನ ಸ್ವಂತ ಫೋನಿನಿಂದ ಮಕ್ಕಳನ್ನು ಎಬ್ಬಿಸುತ್ತಿದ್ದೆ. ಎರಡು ರಿಂಗ್ ಕೊಟ್ಟು ಕಟ್ ಮಾಡುವುದು ನನ್ನ ಪದ್ಧತಿ. ಓದುವವನ ಕಿವಿಗೆ ಬೀಳಬೇಕು, ಮನೆಯವರ ನಿದ್ದೆ ಕೆಡಬಾರದು ಎಂಬ ಲೆಕ್ಕಾಚಾರ. ಆದರೆ ಫೋನುಗಳು ಅಪ್ಪಂದಿರವು. ಅವರು ಎದ್ದು ನೋಡಿ ವಾಪಸ್ ಮಾಡುತ್ತಿದ್ದರು. ‘ಮಿಸ್ ಕಾಲ್ ಕೊಟ್ಟಿದ್ರಾ ಮೇಷ್ಟ್ರೇ?’ ಎಂದು ಶುರುವಾದ ಮಾತು ಸ್ಕಾಲರ್‌ಶಿಪ್ ಯಾಕೆ ಬಂದಿಲ್ಲ, ಆದಾಯ ಪ್ರಮಾಣಪತ್ರಕ್ಕೆ ಯಾರನ್ನು ನೋಡಬೇಕು, ನಮ್ಮ ಕೆಂದ ಹಸು ನಿನ್ನೆಯಿಂದ ಕಾಣುತ್ತಿಲ್ಲ ನಿಮ್ಮ ಸ್ಕೂಲಿನ ಹಿಂದೆ ಏನಾದರೂ ಕಂಡಿತೇ ಎಂಬಲ್ಲಿಗೆ ಹೋಗಿ ಮುಟ್ಟುತ್ತಿತ್ತು. ಸ್ನಾನಕ್ಕೆ ಹೋದರೂ ಫೋನು, ತಿಂಡಿಗೆ ಕೂತರೂ ಫೋನು. ಒಂದು ದಿನ ಒಬ್ಬ ಅಪ್ಪನನ್ನು ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ. ಆಮೇಲೆ ಮುಖ ತೋರಿಸಲು ನಾಚಿಕೆಯಾಗಿ ಎರಡು ವಾರ ಅವನ ಅಂಗಡಿಯ ಮುಂದೆ ಹೋಗಲಿಲ್ಲ.

ಈ ಸಲ ಉಪಾಯ ಹುಡುಕಿದೆ. ನನ್ನ ಮಗ ಆಗ ಮೊದಲ ವರ್ಷದ ಪಿಯುಸಿ. ರಾತ್ರಿ ಒಂಬತ್ತಾದರೆ ಅವನ ಫೋನು ಕಿತ್ತುಕೊಂಡು ನನ್ನ ದಿಂಬಿನ ಪಕ್ಕ ಇಟ್ಟುಕೊಳ್ಳುವುದು ನಮ್ಮ ಮನೆಯ ಕಾನೂನು. ಬೆಳಿಗ್ಗೆ ಹೇಗಿದ್ದರೂ ಅದು ಕೈಗೆ ಸಿಗುವಂತೆಯೇ ಇರುತ್ತದೆ. ಮಕ್ಕಳನ್ನು ಅದರಿಂದಲೇ ಎಬ್ಬಿಸಿದರೆ ಅಪ್ಪಂದಿರು ವಾಪಸ್ ಮಾಡಿದಾಗ ಫೋನು ಮಗನ ಜೊತೆ ಕಾಲೇಜಿನಲ್ಲಿರುತ್ತದೆ. ಎಬ್ಬಿಸಿ ಆದ ಕೂಡಲೇ ಅದನ್ನು ಸೈಲೆಂಟ್ ಮಾಡಿ, ಮಲಗಿದ್ದ ಮಗನ ಪಕ್ಕ ಇಟ್ಟುಬಿಡುತ್ತಿದ್ದೆ. ‘ಯಾರಾದರೂ ಮಾಡಿದರೆ ಏನೋ ಒಂದು ಹೇಳಿ ಇಟ್ಟುಬಿಡು’ ಎಂದು ಮಗನಿಗೆ ಹೇಳಿದೆ. ಅವನಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ‘ರಾಂಗ್ ನಂಬರ್ ಬ್ರೋ’ ಎಂದು ಹೇಳಿ ಇಡುವುದನ್ನು ಎರಡೇ ದಿನದಲ್ಲಿ ರೂಢಿ ಮಾಡಿಕೊಂಡ. ನನ್ನ ದತ್ತು ಮಕ್ಕಳಿಗೆ ಮಾತ್ರ ಕರೆದು ಹೇಳಿದ್ದೆ, ಈ ಸಲ ಬೇರೆ ನಂಬರಿನಿಂದ ಬರುತ್ತದೆ, ಎರಡು ರಿಂಗ್ ಬಂದು ನಿಂತರೆ ನಾನೇ ಎಂದು ತಿಳಿದು ಏಳಿ. ಮನೆಯವರಿಗೆ ಹೇಳಬೇಕೆಂದು ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಹೇಳಿದರೆ ಮತ್ತೆ ಹಸು, ಸ್ಕಾಲರ್‌ಶಿಪ್ಪು ಎಲ್ಲ ಬರುತ್ತದೆಂದು ಬೇಕೆಂತಲೇ ಹೇಳಲಿಲ್ಲ.

ನನ್ನ ಪಾಲಿಗೆ ಬಂದವರು ಆರು ಜನ. ಐದು ಹುಡುಗರು, ಒಬ್ಬಳು ಹುಡುಗಿ. ಸಾಮಾನ್ಯವಾಗಿ ಹುಡುಗಿಯರನ್ನು ಮೇಡಂಗಳೇ ನೋಡಿಕೊಳ್ಳುತ್ತಾರೆ. ಆ ವರ್ಷ ಹಿಂದಿ ಮೇಡಂ ಹೆರಿಗೆ ರಜೆಗೆ ಹೋದದ್ದರಿಂದ ಅವರ ಹುಡುಗಿಯರನ್ನು ಹಂಚಬೇಕಾಯಿತು. ಗಣಿತದಲ್ಲಿ ಹಿಂದೆ ಎಂಬ ಕಾರಣಕ್ಕೆ ಇವಳು ನನಗೆ ಬಂದಳು. ತೆಂಗಿನ ತೋಟ, ರಾಗಿ ಹೊಲ ಇರುವ ಒಕ್ಕಲು ಮನೆಯ ಹುಡುಗಿ. ಮಾತು ಕಡಿಮೆ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳುವುದರಲ್ಲಿ ಮನೆಯಲ್ಲಿ ಅವಳದೇ ಕೊನೆಯ ಮಾತಂತೆ. ತರಗತಿಯಲ್ಲಿ ಮಾತ್ರ ತ್ರಿಕೋನಮಿತಿ ಎಂದರೆ ಅವಳ ಮುಖ ಬಾಡುತ್ತಿತ್ತು. ಬೆಳಿಗ್ಗೆ ಎಬ್ಬಿಸಲು ಶುರು ಮಾಡಿದ ಮೂರನೇ ವಾರಕ್ಕೆ ಒಂದು ದಿನ ಬೋರ್ಡಿನ ಹತ್ತಿರ ಬಂದು ಪ್ರಮೇಯ ಒಂದನ್ನು ತಡವರಿಸದೆ ಸಾಧಿಸಿದಳು. ಇಡೀ ತರಗತಿ ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ. ನನ್ನ ಮಿಸ್ ಕಾಲಿನ ಬಗ್ಗೆ ನನಗೇ ಹೆಮ್ಮೆ ಉಕ್ಕಿ ಬಂತು.

ದೀಪಾವಳಿ ಕಳೆದ ಮೇಲೆ ಅವಳು ಶಾಲೆಗೆ ಬರಲಿಲ್ಲ.

ಮೊದಲ ವಾರ ರಾಗಿ ಕೊಯ್ಲು ಅಂದುಕೊಂಡೆ. ಕೊಯ್ಲಿನ ಹೊತ್ತಿಗೆ ನಮ್ಮ ಬೆಂಚುಗಳು ಅರ್ಧ ಖಾಲಿಯಾಗುವುದು ಹೊಸದಲ್ಲ. ಎರಡನೇ ವಾರ ಉಳಿದವರೆಲ್ಲ ಬಂದರು, ಅವಳಿಲ್ಲ. ಬೆಳಿಗ್ಗೆ ಫೋನು ಮಾಡುವುದನ್ನು ಮಾತ್ರ ನಾನು ಬಿಡಲಿಲ್ಲ. ಶಾಲೆಗೆ ಬರದಿದ್ದರೂ ಮನೆಯಲ್ಲಾದರೂ ಓದಲಿ ಎಂದು ಎರಡರ ಬದಲು ಮೂರು ರಿಂಗ್ ಕೊಡತೊಡಗಿದೆ. ಭಾನುವಾರವೂ ಬಿಡಲಿಲ್ಲ. ನನ್ನ ಹೆಂಡತಿ ‘ಎಷ್ಟು ಕಾಳಜಿ ಮಾಡ್ತೀರಾ’ ಎಂದಾಗ ಇನ್ನಷ್ಟು ಉಬ್ಬಿದೆ.

ಮೂರನೇ ವಾರ ಕಚೇರಿಯಿಂದ ಒಂದು ನಮೂನೆ ಬಂತು. ಸತತವಾಗಿ ಗೈರಾದ ಮಕ್ಕಳ ಹೆಸರು ಬರೆದು ಅದರ ಮುಂದೆ ಕಾರಣ ತುಂಬಬೇಕು. ಕಾರಣಗಳನ್ನು ಅವರೇ ಅಚ್ಚು ಹಾಕಿಸಿದ್ದರು. ಬಡತನ, ವಲಸೆ, ದೂರ, ಅನಾರೋಗ್ಯ, ಬಾಲ್ಯವಿವಾಹ, ಮನೆಗೆಲಸ, ಅನಾಸಕ್ತಿ. ಈ ನಮೂನೆಯನ್ನು ನಾನು ಹತ್ತಾರು ವರ್ಷಗಳಿಂದ ತುಂಬುತ್ತಿದ್ದೇನೆ. ಒಮ್ಮೆ ಒಬ್ಬ ಹುಡುಗ ಬಿಟ್ಟದ್ದು ಬೆಳಗಿನ ಬಸ್ಸಿನ ಹೊತ್ತು ಬದಲಾದದ್ದಕ್ಕೆ. ದಿನಾ ತಡವಾಗಿ ಬಂದು ದಿನಾ ನನ್ನ ಕೈಲಿ ಬೈಸಿಕೊಂಡು ಸಾಕಾಗಿ ನಿಂತುಬಿಟ್ಟ. ಅಚ್ಚಾದ ಕಾರಣಗಳಲ್ಲಿ ಬಸ್ಸೂ ಇಲ್ಲ, ಮೇಷ್ಟ್ರ ಬಾಯಿಯೂ ಇಲ್ಲ. ‘ದೂರ’ ಎಂದು ಬರೆದೆ. ಇನ್ನೊಮ್ಮೆ ಒಬ್ಬಳು ಒಂಬತ್ತರಲ್ಲಿ ನಪಾಸಾಗಿ, ಅವಳ ತಂಗಿ ಅದೇ ತರಗತಿಗೆ ಬಂದು ಪಕ್ಕದಲ್ಲೇ ಕೂತಾಗ ಅವಮಾನ ತಾಳದೆ ಬಿಟ್ಟಳು. ಅದಕ್ಕೆ ‘ಅನಾಸಕ್ತಿ’ ಎಂದು ಬರೆದೆ. ಎಲ್ಲೂ ಹೊಂದದ ಕಾರಣಕ್ಕೆ ಅನಾಸಕ್ತಿಯೇ ಗತಿ. ಮಗುವಿನ ಮೇಲೆ ಹೊರಿಸಿದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ಅಪ್ಪ ಇದ್ದಾರೆ, ಆದರೆ ಯಜಮಾನಿಕೆ ಚಿಕ್ಕಪ್ಪನದು. ಶಾಲೆಯಲ್ಲಿ ಕೊಟ್ಟ ನಂಬರೂ ಅವರದೇ. ಮನೆಯಲ್ಲಿ ಇದ್ದ ಫೋನು ಅದೊಂದೇ. ಅಮ್ಮ ಚಾಪೆ ಹಾಸಿ ಕಾಫಿ ಕೊಟ್ಟರು. ಹುಡುಗಿ ಒಳಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮುಖ ಸೊರಗಿತ್ತು.

‘ಕೊಯ್ಲು ಮುಗೀತಲ್ಲಮ್ಮ, ಇನ್ನೂ ಯಾಕೆ ಕಳಿಸಿಲ್ಲ?’ ಎಂದೆ.

ಅಮ್ಮ ಸೆರಗಿನ ತುದಿ ತಿರುಚುತ್ತ, ‘ಅವ್ಳಿಗೇ ಓದಕ್ಕೆ ಇಷ್ಟ ಇಲ್ವಂತೆ ಸಾ’ ಎಂದರು.

ಚಿಕ್ಕಪ್ಪ ನನ್ನ ಮುಖ ನೋಡದೆ, ‘ಹೆಣ್ಣುಡುಗಿ. ಓದಿದ್ದು ಸಾಕು ಬುಡಿ ಮೇಷ್ಟ್ರೇ’ ಎಂದರು. ಅವರ ಕಣ್ಣು ಕೆಂಪಗಿದ್ದವು. ಕುಡಿಯುತ್ತಾರೇನೋ ಅಂದುಕೊಂಡೆ.

ನಾನು ಹುಡುಗಿಯ ಕಡೆ ತಿರುಗಿ, ‘ನೀನೇ ಹೇಳು. ಇಷ್ಟ ಇದೆಯೋ ಇಲ್ಲವೋ?’ ಎಂದೆ. ಅವಳು ಒಮ್ಮೆ ಚಿಕ್ಕಪ್ಪನನ್ನು, ಒಮ್ಮೆ ನನ್ನನ್ನು ನೋಡಿದಳು. ನನ್ನನ್ನು ನೋಡಿದ್ದು ಸ್ವಲ್ಪ ಹೆಚ್ಚು ಹೊತ್ತು. ಆಮೇಲೆ ನೆಲ ನೋಡಿಕೊಂಡು, ‘ಇಷ್ಟ ಇಲ್ಲ ಸಾರ್’ ಎಂದಳು.

ನನಗೆ ರೇಗಿಹೋಯಿತು. ದಿನಾ ಬೆಳಿಗ್ಗೆ ನನ್ನ ನಿದ್ದೆ ಕೆಡಿಸಿಕೊಂಡು ಮಾಡಿದ್ದೆಲ್ಲ ಹೊಳೆಗೆ ಹುಣಸೇಹಣ್ಣು ಕಿವುಚಿದಂತಾಯಿತಲ್ಲ ಎಂದು ಉರಿದುಬಿದ್ದೆ. ಕೆಟ್ಟ ಮಾತು ಆಡಲಿಲ್ಲ ನಿಜ, ಆದರೆ ಅದಕ್ಕಿಂತ ಕಡಿಮೆಯೇನೂ ಆಡಲಿಲ್ಲ. ನಿನ್ನಂಥವರಿಗೆ ಹೇಳಿಕೊಡುವುದಕ್ಕಿಂತ ಗೋಡೆಗೆ ಹೇಳಿಕೊಡಬಹುದು ಎಂದೆ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಸೋಮವಾರ ನಮೂನೆಯಲ್ಲಿ ಅವಳ ಹೆಸರಿನ ಮುಂದೆ ಏನು ಬರೆದೆ ಎಂದು ಬೇರೆ ಹೇಳಬೇಕಾಗಿಲ್ಲ. ಬೆಳಗಿನ ರಿಂಗ್ ಮಾತ್ರ ರೂಢಿಯಂತೆ ನಡೆದೇ ಇತ್ತು.

ಅದೇ ವಾರದ ಶನಿವಾರ ಬೇಲೂರಿನಲ್ಲಿ ಒಂದು ದಿನದ ತರಬೇತಿ. ಮಕ್ಕಳು ಹತ್ತನೇ ತರಗತಿ ಮುಗಿಸದೆ ಯಾಕೆ ಬಿಡುತ್ತಾರೆ ಎಂಬುದೇ ವಿಷಯ. ಬಂದ ಸಂಪನ್ಮೂಲ ವ್ಯಕ್ತಿ ಬೋರ್ಡಿನ ತುಂಬ ಕಾರಣಗಳನ್ನು ಬರೆದು ಬಾಣದ ಗುರುತು ಹಾಕಿ ಒಂದಕ್ಕೊಂದು ಸೇರಿಸಿದರು. ಮಧ್ಯಾಹ್ನ ಪುಳಿಯೋಗರೆ ತಿಂದು ಎಲ್ಲರೂ ತೂಕಡಿಸುವ ಹೊತ್ತಿಗೆ, ಯಾರಾದರೂ ಅನುಭವ ಹಂಚಿಕೊಳ್ಳಿ ಎಂದರು. ನಾನು ಎದ್ದೆ. ಬೆಳಿಗ್ಗೆ ಐದಕ್ಕೆ ತಪ್ಪದೆ ಎಬ್ಬಿಸಿದರೂ, ಮನೆಗೇ ಹೋಗಿ ಕರೆದರೂ, ನನಗೆ ಇಷ್ಟವಿಲ್ಲ ಎಂದು ಮುಖಕ್ಕೆ ಹೇಳಿದ ಒಬ್ಬ ಹುಡುಗಿಯ ಕಥೆ ಹೇಳಿದೆ. ನಾವು ಎಷ್ಟು ಮಾಡಿದರೇನು, ಮಕ್ಕಳಿಗೆ ಬೇಕಲ್ಲ ಎಂದು ಮುಗಿಸಿದೆ. ಹತ್ತಿರದಲ್ಲಿ ಕೂತಿದ್ದ ಗೆಂಡೆಹಳ್ಳಿ ಕಡೆಯ ಮೇಡಂ ಒಬ್ಬರು ಬಿಟ್ಟು ಉಳಿದವರೆಲ್ಲ ತಲೆಯಾಡಿಸಿದರು. ಅವರು ಮಾತ್ರ, ‘ಹುಡುಗಿ ಒಬ್ಬಳನ್ನೇ ಕೂರಿಸಿಕೊಂಡು ಕೇಳಿದ್ರಾ ಸಾರ್?’ ಎಂದರು. ಕೇಳಿರಲಿಲ್ಲ. ಆ ಮೇಡಂ ಮೇಲೂ ನನಗೆ ಸಿಟ್ಟು ಬಂತು.

ಮುಂದಿನ ಸೋಮವಾರ ತರಗತಿಯಲ್ಲಿ ಹಾಜರಿ ಕೂಗುವಾಗ ಅವಳ ಹೆಸರು ಬಂತು. ‘ಅವಳಿಗೆ ಓದು ಬೇಡವಂತೆ, ಬಿಡಿ’ ಎಂದು ಕೊಂಕು ನುಡಿದೆ. ಪಾಠ ಮುಗಿದ ಮೇಲೆ ಅವಳ ಊರಿನವಳೇ ಆದ ಇನ್ನೊಬ್ಬ ಹುಡುಗಿ ಹಿಂದೆಯೇ ಬಂದು ವರಾಂಡದಲ್ಲಿ ನಿಲ್ಲಿಸಿದಳು. ಅವಳು ನನ್ನ ದತ್ತು ಮಕ್ಕಳಲ್ಲಿ ಸೇರಿದವಳಲ್ಲ.

‘ಸಾರ್, ಅವ್ಳಿಗೆ ಓದಕ್ಕೆ ಇಷ್ಟ ಐತೆ ಸಾರ್. ಮನೇಲೇ ಬುಡ್ತಿಲ್ಲ.’

‘ಯಾಕೆ?’

‘ಯಾವನೋ ಹುಡುಗ ದಿನಾ ಬೆಳಿಗ್ಗೆ ಐದು ಗಂಟೆಗೆ ಅವರ ಚಿಕ್ಕಪ್ಪನ ಫೋನಿಗೆ ಮಿಸ್ ಕಾಲ್ ಕೊಡ್ತಾನಂತೆ ಸಾರ್. ರಿಂಗ್ ಕೊಟ್ಟು ಕಟ್ ಮಾಡ್ತಾನಂತೆ, ಸಿಗ್ನಲ್ ಥರ. ಇವಳು ಆಗ ಸರಿಯಾಗಿ ಏಳ್ತಾಳಂತೆ. ಅವರ ಚಿಕ್ಕಪ್ಪ ವಾಪಸ್ ಮಾಡಿದ್ರೆ ಹುಡುಗನ ಗಂಟ್ಲು ಸಾರ್. ಬ್ರೋ ಅಂದು ಇಟ್ಬುಟ್ನಂತೆ. ಎಷ್ಟು ಕೇಳಿದ್ರೂ ಇವಳು ಯಾರು ಅಂತ ಹೇಳ್ತಿಲ್ಲ. ಅದಕ್ಕೇ ಮನೇಲಿ ಕೂರ್ಸವ್ರೆ.’

ಕೈಯಲ್ಲಿದ್ದ ಸೀಮೆಸುಣ್ಣ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ‘ಸರಿ, ಹೋಗಮ್ಮ’ ಎಂದು ಹೇಳಿ ಸ್ಟಾಫ್ ರೂಮಿಗೆ ಬಂದು ಹಾಜರಿ ಪುಸ್ತಕ ತೆಗೆದೆ. ಹಾಜರಿ ಇಷ್ಟಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವಂತಿಲ್ಲ ಎಂಬ ನಿಯಮವಿದೆ. ಜೂನ್‌ನಿಂದ ಅವಳ ಗೈರುಗಳನ್ನೆಲ್ಲ ಕೂಡಿ ಕಳೆದು ನೋಡಿದೆ. ಅಂದೂ ಸೇರಿ ಇನ್ನು ಹನ್ನೊಂದು ದಿನ ಬರದಿದ್ದರೆ ಆ ವರ್ಷದ ಪರೀಕ್ಷೆ ಅವಳ ಪಾಲಿಗೆ ಇಲ್ಲ. ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿ ಮತ್ತೆ ಬಂದು ಪರೀಕ್ಷೆ ಕಟ್ಟಿದ್ದನ್ನು ನನ್ನ ಅನುಭವದಲ್ಲಿ ಎಣಿಸಿ ಹೇಳಬಹುದು.

ಅಂದೇ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ.

ಏನೆಂದು ಹೇಳುವುದು? ಐವತ್ತು ದಾಟಿದ ಗಂಡಸು ಮೇಷ್ಟ್ರು, ಮಗನ ನಂಬರಿನಿಂದ, ಮನೆಯವರಿಗೆ ತಿಳಿಸದೆ, ಹದಿನೈದರ ಹುಡುಗಿಗೆ ದಿನಾ ಬೆಳಿಗ್ಗೆ ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದ ಎಂದೇ? ಯಾವನೋ ಹುಡುಗ ಎನ್ನುವುದಕ್ಕಿಂತ ಅದು ಕೆಟ್ಟದಾಗಿ ಕೇಳಿಸುತ್ತಿತ್ತು. ಇನ್ನೊಂದು ಮಾತೂ ಇತ್ತು. ನಮ್ಮ ಮನೆಯ ಗೋಡೆಯ ಮೇಲೆ ಇರುವುದು ಬುದ್ಧನ ಪಟ. ನಮ್ಮಪ್ಪ ಅಂಥದೇ ಒಂದು ಊರಿನ ಹೊರಗಿನ ಹಟ್ಟಿಯಲ್ಲಿ ಹುಟ್ಟಿ, ಓದಿ, ಗುಮಾಸ್ತನಾಗಿ ಅರಸೀಕೆರೆಗೆ ಬಂದವನು. ಹುಡುಗಿಯ ಊರಿನವರಿಗೆ ಇದು ಗೊತ್ತು. ಅವರು ನನಗೆ ಗೌರವದಲ್ಲಿ ಎಂದೂ ಕೊರತೆ ಮಾಡಿದವರಲ್ಲ. ಚಾಪೆ ಹಾಸಿ ಕೂರಿಸುತ್ತಾರೆ, ತಾವು ಕುಡಿಯುವ ಲೋಟದಲ್ಲೇ ಕಾಫಿ ಕೊಡುತ್ತಾರೆ. ಆದರೂ ಮನೆಯ ಹೆಣ್ಣುಮಗಳ ಮಾತು ಬಂದಾಗ ಆ ಗೌರವ ಎಷ್ಟು ಹೊತ್ತು ನಿಂತೀತು ಎಂದು ಒಳಗೊಳಗೇ ನಡುಕ. ಸಂಬಳ, ಪ್ಯಾಂಟು ಷರ್ಟು ಎಲ್ಲ ಬಂದರೂ ಆ ನಡುಕ ನಮ್ಮಂಥವರನ್ನು ಬಿಟ್ಟು ಹೋಗಿಲ್ಲ.

ಮುಖ್ಯ ಶಿಕ್ಷಕರಿಗೆ ಹೇಳಿದೆ. ಅವರು ಬಾಗಿಲು ಮುಂದೆ ತಳ್ಳಿ ಬಂದು ಕೂತು, ‘ನಿಮ್ಮ ಮೈಮೇಲೆ ಎಳಕೊಳ್ಳಬೇಡಿ ಸಾರ್. ಫೋನ್ ಮಾಡೋದು ನಿಲ್ಲಿಸಿಬಿಡಿ. ನಿಧಾನಕ್ಕೆ ತಣ್ಣಗಾಗುತ್ತೆ’ ಎಂದರು. ಒಳ್ಳೆಯ ಮನುಷ್ಯರು, ನನಗೆ ಒಳ್ಳೆಯದಾಗಲೆಂದೇ ಹೇಳಿದ್ದು. ನನಗೂ ಅದೇ ಬೇಕಿತ್ತು. ಮರುದಿನದಿಂದ ಫೋನು ನಿಲ್ಲಿಸಿದೆ. ಅವಳೊಬ್ಬಳಿಗೇ ಅಲ್ಲ, ಆರು ಜನಕ್ಕೂ. ನಾಲ್ಕು ದಿನ ಕಳೆದವು. ದಿನಾ ಬೆಳಿಗ್ಗೆ ಐದಕ್ಕೆ ನನಗೆ ತಾನಾಗಿಯೇ ಎಚ್ಚರವಾಗುತ್ತಿತ್ತು. ಫೋನು ಮುಟ್ಟದೆ ಮಲಗಿರುತ್ತಿದ್ದೆ. ತರಗತಿಯಲ್ಲಿ ಅವಳ ಹೆಸರು ಬಂದಾಗ ಕೂಗದೆ ದಾಟುತ್ತಿದ್ದೆ.

ಐದನೇ ದಿನ ಅವಳ ಊರಿನ ಹುಡುಗಿಯೇ ಮತ್ತೆ ಬಂದಳು. ‘ಸಾರ್, ಆ ಫೋನು ಬರೋದು ನಿಂತೋಯ್ತಂತೆ. ನೋಡ್ದಾ, ಹುಡುಗೀನ ಮನೇಲಿ ಕೂರ್ಸಿದ್ದೇ ಅವನಿಗೆ ಗೊತ್ತಾಗಿ ಬುಟ್ಟ ಅಂತ ಅವರ ಚಿಕ್ಕಪ್ಪ ಅಂದ್ರಂತೆ. ನೆನ್ನೆ ಹಳೇಬೀಡಿಗೆ ಹೋಗಿ ಗಂಡಿನ ಮನೆ ನೋಡ್ಕಂಡು ಬಂದವ್ರೆ ಸಾರ್. ಮಾತು ಮುಗ್ಸಿ ಇಟ್ಕತಾರಂತೆ.’

ನಾನು ನಿಲ್ಲಿಸಿದ್ದೇ ಸಾಕ್ಷಿಯಾಯಿತು. ಮಾಡಿದರೂ ತಪ್ಪು, ಬಿಟ್ಟರೂ ತಪ್ಪು. ಆ ಸಂಜೆ ಊಟಕ್ಕೆ ಕೂತಾಗ ಮುದ್ದೆ ಮುರಿಯದೆ ತಟ್ಟೆ ಪಕ್ಕಕ್ಕೆ ತಳ್ಳಿದೆ. ಹೆಂಡತಿ ಕೇಳಿದಳು. ಎಲ್ಲ ಹೇಳಿಬಿಟ್ಟೆ. ಅವಳು ಹಾರನಹಳ್ಳಿಯವಳು, ಮಾತು ನೇರ.

‘ಯಾವತ್ತು ಗೊತ್ತಾಯ್ತು ನಿಮಗೆ?’

‘ಐದು ದಿನ ಆಯ್ತು.’

ಅವಳು ಬಡಿಸುವ ಸೌಟು ಕೆಳಗಿಟ್ಟಳು. ‘ಐದು ದಿನದಿಂದ ಮೂರು ಹೊತ್ತೂ ಉಂಡ್ರಲ್ಲ ನೀವು’ ಎಂದಳು. ಆಮೇಲೆ, ‘ಹೋಗಿ ಹೇಳಾನ. ಬೈದ್ರೆ ಬೈಸ್ಕೊಳ್ಳಾನ. ಗಂಡಸು ಒಬ್ಬರೇ ಹೋಗ್ಬೇಡಿ, ನಾನೂ ಬತ್ತೀನಿ. ಇವನನ್ನೂ ಕರ್ಕೊಳ್ಳಿ’ ಎಂದು ಮಗನ ಕಡೆ ತೋರಿಸಿದಳು. ಮಗ ಬಾಯಿ ಬಿಟ್ಟುಕೊಂಡು ಕೂತಿದ್ದ. ತಾನು ‘ರಾಂಗ್ ನಂಬರ್’ ಎಂದದ್ದು ಯಾರಿಗೆ ಎಂದು ಅವನಿಗೆ ಆಗಷ್ಟೇ ತಿಳಿದದ್ದು.

ಮಾರನೆಯ ದಿನ ಶನಿವಾರ. ಹೋಗೋಣವೆಂದರೆ ನಾನು ಏನೋ ನೆವ ಹೇಳಿ ತಪ್ಪಿಸಿದೆ. ಅದು ಆರನೇ ದಿನ. ಭಾನುವಾರ ಬೆಳಿಗ್ಗೆ ಹೆಂಡತಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು, ನೆವ ಹೇಳಲು ಜಾಗವೇ ಇರಲಿಲ್ಲ. ಕಣಕಟ್ಟೆ ಬಸ್ಸು ಹಿಡಿದು, ತೋಟದ ಗೇಟಿನ ಹತ್ತಿರ ಇಳಿದು, ಒಂದು ಮೈಲಿ ನಡೆದೆವು.

ಚಿಕ್ಕಪ್ಪ ಮನೆಯ ಮುಂದೆ ನೆಲಕ್ಕೆ ನೆಟ್ಟ ಕಬ್ಬಿಣದ ಸಲಾಕೆಗೆ ಕಾಯಿ ಕುಕ್ಕಿ ಕುಕ್ಕಿ ಸಿಪ್ಪೆ ಸುಲಿಯುತ್ತಿದ್ದರು. ಹೆಂಗಸು, ಹುಡುಗ ಜೊತೆಯಲ್ಲಿ ಇರುವುದನ್ನು ನೋಡಿ ಎದ್ದು ಚಾಪೆ ತರಿಸಿದರು. ನಾನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎನ್ನಿಸಿತು.

‘ನಿಮ್ಮ ಫೋನಿಗೆ ಬೆಳಿಗ್ಗೆ ಐದಕ್ಕೆ ಮಿಸ್ ಕಾಲ್ ಕೊಡುತ್ತಿದ್ದವನು ನಾನು’ ಎಂದೆ.

ಅವರು ಕೈಯಲ್ಲಿದ್ದ ಕಾಯಿಯನ್ನು ಇಳಿಸಲಿಲ್ಲ. ನಾನು ದತ್ತು, ಓದಿಸುವುದು, ಮಗನ ಫೋನು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಮುಗಿಯುತ್ತಿದ್ದಂತೆ ಅವರು ಜೇಬಿನಿಂದ ಫೋನು ತೆಗೆದು ಮಗನ ಮುಂದೆ ಹಿಡಿದು, ‘ಮಾಡಪ್ಪ ನೋಡಾನ’ ಎಂದರು. ಮಗ ತನ್ನ ಫೋನಿನಲ್ಲಿ ಅವರ ನಂಬರು ಒತ್ತಿದ. ಅವರ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ‘ಕಳ್ಳ’ ಎಂದು ಬಂತು. ಮಗನ ನಂಬರನ್ನು ಆ ಹೆಸರಿನಲ್ಲಿ ಇಟ್ಟುಕೊಂಡಿದ್ದರು.

ಅವರು ಫೋನನ್ನು ಕಿವಿಗೆ ಹಿಡಿದು, ‘ಮಾತಾಡು. ಅವತ್ತು ಏನಂದ್ಯೋ ಅದನ್ನೇ ಅನ್ನು’ ಎಂದರು. ಮಗ ನನ್ನ ಮುಖ ನೋಡಿದ, ಅಮ್ಮನ ಮುಖ ನೋಡಿದ. ಮೂರು ಮಾರು ದೂರದಲ್ಲಿ ನಿಂತುಕೊಂಡು ಅಳುವ ದನಿಯಲ್ಲಿ, ‘ರಾಂಗ್ ನಂಬರ್ ಬ್ರೋ’ ಎಂದ. ಬೇರೆ ಹೊತ್ತಾಗಿದ್ದರೆ ನಗು ಬರುತ್ತಿತ್ತು.

ಚಿಕ್ಕಪ್ಪ ಫೋನು ಇಳಿಸಿದರು. ‘ಇವನೇ’ ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ‘ಏನ್ ಮೇಷ್ಟ್ರೇ, ಇಷ್ಟು ಓದಿರೋರು ನೀವು. ಹಿಂಗಿಂಗೆ ಅಂತ ಒಂದು ಮಾತು ಮುಂಚೇನೆ ಹೇಳಕ್ಕೆ ಏನಾಗಿತ್ತು? ಒಂದು ತಿಂಗಳಿಂದ ನಾನು ನಿದ್ದೆ ಮಾಡಿಲ್ಲ ಕಣ್ರೀ. ನಾಕು ಗಂಟೆಗೇ ಎದ್ದು ಫೋನ್ ಮುಂದೆ ಕೂತಿರ್ತಿದ್ದೆ, ಕಟ್ ಮಾಡೋದ್ರೊಳಗೆ ಹಿಡೀಬೇಕು ಅಂತ. ಬಟನ್ ಒತ್ತೋದ್ರೊಳಗೆ ಕಟ್ ಆಗ್ಬುಡೋದು. ಮನೇಲಿ ಬೆಳೆದ ಮಗೀನ ಮ್ಯಾಲೆ ಕೈ ಮಾಡ್ಬುಟ್ಟೆ.’ ಅವರ ಕಣ್ಣು ಕೆಂಪಗಿದ್ದದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. ನಾನು ಕೈ ಮುಗಿದೆ. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ನಾನು ಆರು ದಿನ ಹೆದರಿದ್ದ ಮನುಷ್ಯ ಹೆಗಲ ಮೇಲಿನ ಟವೆಲ್‌ನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ನನ್ನ ಹೆಂಡತಿ ಆಗ ಬಾಯಿ ಹಾಕಿದಳು. ‘ಅಣ್ಣ, ತಪ್ಪು ನಮ್ಮದು. ಮಗಿದೇನಿಲ್ಲ. ನಾಳೆಯಿಂದ ಕಳಿಸ್ಕೊಡಿ. ಇನ್ನು ಐದು ದಿನ ಬುಟ್ರೆ ಪರೀಕ್ಷೆಗೆ ಕೂರ್ಸಲ್ವಂತೆ.’

‘ನೋಡಾನ’ ಎಂದರು. ಹುಡುಗಿ ಹೊರಗೆ ಬರಲೇ ಇಲ್ಲ. ಅಮ್ಮ ಮಾತ್ರ ಹೆಂಡತಿಯ ಕೈಗೆ ಕುಂಕುಮ, ಒಂದು ತೆಂಗಿನಕಾಯಿ ಕೊಟ್ಟು ಕಳಿಸಿದರು.

ಸೋಮವಾರ ಅವಳು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಗುರುತು ಹಾಕಿದೆ. ಉಳಿದದ್ದು ನಾಲ್ಕು ದಿನ. ಮಂಗಳವಾರ ಬೆಳಿಗ್ಗೆ ಪ್ರಾರ್ಥನೆಗೆ ನಿಂತಿದ್ದಾಗ ಗೇಟಿನ ಹತ್ತಿರ ಒಂದು ಬೈಕು ನಿಂತಿತು. ಚಿಕ್ಕಪ್ಪ ಗಾಡಿಯಿಂದ ಇಳಿಯಲಿಲ್ಲ. ಹುಡುಗಿ ಇಳಿದು, ಚೀಲ ಹೆಗಲಿಗೇರಿಸಿ, ಸಾಲಿನ ಕೊನೆಯಲ್ಲಿ ಬಂದು ನಿಂತಳು. ಹಿಂದಿನ ದಿನ ಅವರು ಹಳೇಬೀಡಿಗೆ ಹೋಗಿ, ಸದ್ಯಕ್ಕೆ ಬೇಡ, ಮಗು ಓದಲಿ ಎಂದು ಎದುರಿಗೇ ಹೇಳಿ ಬಂದಿದ್ದರಂತೆ. ಕೊಟ್ಟ ಮಾತನ್ನು ಫೋನಿನಲ್ಲಿ ಹಿಂದಕ್ಕೆ ಪಡೆಯುವುದು ಸರಿಯಲ್ಲ ಎಂದರಂತೆ. ಅಲ್ಲಿಂದ ಮುಂದೆ ಪರೀಕ್ಷೆಯವರೆಗೆ ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಪರೀಕ್ಷೆ ಬರೆದಳು. ಪಾಸಾದಳು. ಗಣಿತದಲ್ಲಿ ದೊಡ್ಡ ಅಂಕವೇನಲ್ಲ, ಆದರೆ ಎರಡನೇ ದರ್ಜೆಯ ಮೇಲೆಯೇ. ಫಲಿತಾಂಶ ಬಂದ ಮೇಲೆ ಒಂದು ಮಧ್ಯಾಹ್ನ ಅಂಕಪಟ್ಟಿ, ವರ್ಗಾವಣೆ ಪತ್ರ ತೆಗೆದುಕೊಳ್ಳಲು ಒಬ್ಬಳೇ ಶಾಲೆಗೆ ಬಂದಳು. ಅರಸೀಕೆರೆಯ ಕಾಲೇಜಿಗೆ ಸೇರುತ್ತಿದ್ದಾಳಂತೆ, ವಾಣಿಜ್ಯ ವಿಭಾಗ. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಅಷ್ಟು ತಿಂಗಳು ಕೇಳಬೇಕೆಂದುಕೊಂಡು ಕೇಳದೆ ಇದ್ದದ್ದನ್ನು ಅಂದು ಕೇಳಿದೆ.

‘ಆ ಫೋನು ನನ್ನದು ಅಂತ ನಿನಗೆ ಗೊತ್ತಿತ್ತಲ್ಲಮ್ಮ?’

‘ಗೊತ್ತಿತ್ತು ಸಾರ್.’

‘ಮೇಷ್ಟ್ರು ಅಂತ ಒಂದು ಮಾತು ಹೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಹೊಡೆದಾಗಲೂ ಹೇಳಲಿಲ್ಲವಂತೆ. ನಾನು ಮನೆಗೆ ಬಂದು ಕೇಳಿದಾಗಲೂ ಇಷ್ಟ ಇಲ್ಲ ಅಂದೆ. ಯಾಕೆ?’

ಅವಳು ಅಂಕಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ‘ಚಿಕ್ಕಪ್ಪ ಆಗ ತುಂಬ ಕೋಪದಲ್ಲಿದ್ರು ಸಾರ್. ನಿಮ್ಮೆಸ್ರು ಹೇಳಿದ್ರೆ ಸ್ಕೂಲಿಗೇ ಬಂದು ಹೊಡೀತಿದ್ರು. ಊರೆಲ್ಲಾ ಗೊತ್ತಾಗಿ ನಿಮ್ಮ ಕೆಲಸ ಹೋಗ್ಬುಟ್ರೆ? ಮನೇಲಿ ಕೂರ್ಸಿದ್ರೆ ನಾನೊಬ್ಳೇ ತಾನೇ, ನೀವಾದ್ರೆ ಎಲ್ರಿಗೂ ಪಾಠ ಮಾಡೋರು ಅಂತ ಸುಮ್ನಿದ್ದೆ ಸಾರ್.’

ಅವಳನ್ನು ಗೋಡೆಗೆ ಹೋಲಿಸಿ ಬೈದು ಬಂದಿದ್ದೆ ನಾನು. ಹೇಳದೆ ಇರಲಾಗಲಿಲ್ಲ. ‘ನನಗೆ ವಿಷಯ ಗೊತ್ತಾದ ಮೇಲೂ ಆರು ದಿನ ಬರಲಿಲ್ಲ ಕಣಮ್ಮ. ನನ್ನ ಹೆಸರು ಕೆಟ್ಟೀತು ಅಂತ ಹೆದರಿ ಸುಮ್ಮನಿದ್ದೆ’ ಎಂದೆ. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ.

ಅವಳು, ‘ಬಂದ್ರಲ್ಲ ಸಾರ್’ ಎಂದಳು. ಅಂಕಪಟ್ಟಿಯನ್ನು ಮಡಿಸದೆ ಚೀಲದ ಪುಸ್ತಕದ ನಡುವೆ ಇಟ್ಟುಕೊಂಡು, ಬಸ್ಸಿನ ಹೊತ್ತಾಯಿತೆಂದು ಹೊರಟಳು. ನಾನು ಎದ್ದು ಬಾಗಿಲವರೆಗೂ ಹೋಗಬೇಕೆಂದುಕೊಂಡೆ. ಕುರ್ಚಿಯಲ್ಲೇ ಕೂತು ಅತ್ತುಬಿಟ್ಟೆ.